ಕರಡಿಯ ಐದನೆಯ ಮನೆ

ಬೋಳಾರದ ಯೋಗೀಶ ಯಾರ ಮುಂದೆಯೂ ಕೈ ಚಾಚಿದವನಲ್ಲ ಎಂದರೆ ಅವನನ್ನು ಬಲ್ಲವರಿಗೆ ನಗು ಬಂದೀತು. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಇಪ್ಪತ್ತೈದು ವರ್ಷ ಕಂಡಕ್ಟರ್ ಆಗಿದ್ದವನು ಬೆಳಗಿನಿಂದ ಸಂಜೆಯವರೆಗೆ ಮಾಡಿದ್ದೇ ಕೈ ಚಾಚುವ ಕೆಲಸ. ಆದರೆ ಅದು ಬೇಡುವ ಕೈಯಲ್ಲ, ಕೇಳುವ ಕೈ. ಬೆರಳ ಸಂದಿಯಲ್ಲಿ ನೋಟು ಮಡಚಿ ಸಿಕ್ಕಿಸಿಕೊಂಡು ಆ ಕೈಯನ್ನು ಮೂಗಿನ ಹತ್ತಿರ ಒಡ್ಡಿದರೆ ಎಂಥ ಜಿಪುಣನೂ ಜೇಬು ತಡಕಬೇಕು. ಅದು ಬಿಟ್ಟರೆ ಮನುಷ್ಯನಿಗೆ ಬಿಗುಮಾನವೋ ಬಿಗುಮಾನ. ಮದುವೆಯ ಊಟದಲ್ಲಿ ಸಾರು ಬೇಕಾದರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಬಡಿಸುವವನು ತಾನಾಗಿ ತಿರುಗಿ ಬರಲಿ ಎಂದು ಬರಿ ಅನ್ನವನ್ನು ನೋಡುತ್ತ ಕುಳಿತಿರುತ್ತಿದ್ದ.

ಇಂಥವನು ದೇವಿಗೆ ಹೇಳಿಕೊಂಡ ಹರಕೆ ಮಾತ್ರ ಬೇಡುವ ಹರಕೆಯೇ ಆಯಿತು.

ನವರಾತ್ರಿ ಬಂತೆಂದರೆ ಮಂಗಳೂರಿನ ಬೀದಿಗಳಲ್ಲಿ ವೇಷಗಳ ಕಾಲ. ತಾಸೆ ಬಡಿದುಕೊಂಡು ಬರುವ ಹುಲಿಗಳ ತಂಡ ಎಲ್ಲರ ಕಣ್ಣಿಗೂ ಬೀಳುತ್ತದೆ. ಅವುಗಳ ನಡುವೆ ಒಬ್ಬೊಂಟಿಯಾಗಿ ನಡೆಯುವ ಕರಡಿಯೋ ಹನುಮಂತನೋ ಗೂನು ಬೆನ್ನಿನ ಮುದುಕಿಯೋ ಇರುತ್ತದೆ. ನೋಡುವವರಿಗೆ ಅದು ತಮಾಷೆ, ಒಳಗಿರುವವನಿಗೆ ಅಲ್ಲ. ಮನೆಯಲ್ಲಿ ಯಾರದೋ ಜೀವ ತೂಗುಯ್ಯಾಲೆಯಲ್ಲಿದ್ದಾಗ, ಉಳಿಸಿಕೊಡು ತಾಯಿ, ವೇಷ ಹಾಕಿ ಇಷ್ಟು ಮನೆ ಬೇಡಿ ಸಿಕ್ಕಿದ್ದನ್ನು ನಿನಗೆ ಒಪ್ಪಿಸುತ್ತೇನೆ ಎಂದು ಹೇಳಿಕೊಂಡವನು ಅವನು. ದೇವಿಗೆ ಹುಂಡಿಯ ದುಡ್ಡಿನದೇ ಆಸೆಯಿದ್ದರೆ ಕಿಸೆಯಿಂದ ತೆಗೆದು ಹಾಕಿದರೆ ಸಾಕಿತ್ತಲ್ಲ. ಅವಳು ಕೇಳುವುದು ಮಾನವನ್ನು. ಯೋಗೀಶನ ತಂಗಿ ರತ್ನಾವತಿಗೆ ಚಿಕ್ಕಂದಿನಲ್ಲಿ ಟೈಫಾಯಿಡ್ ಆಗಿದ್ದಾಗ ಅವರ ಅಪ್ಪ ಕರಡಿಯಾಗಿದ್ದರು. ಕಪ್ಪು ಬಣ್ಣದ ಸೆಣಬನ್ನು ಮೈಗೆಲ್ಲ ಕಟ್ಟಿಕೊಳ್ಳುತ್ತ ಮಗನಿಗೆ ಕಟ್ಟುಪಾಡು ಹೇಳಿದ್ದರು: ಹರಕೆಯ ವೇಷ ಮಾತಾಡಬಾರದು. ಅಂಗೈ ಮೇಲಿರಬೇಕು, ತಲೆ ಕೆಳಗಿರಬೇಕು. ಕೊಟ್ಟರೂ ಬಾಗಬೇಕು, ಬೈದರೂ ಬಾಗಬೇಕು.

ಸಾವಿರದ ಒಂಬೈನೂರ ತೊಂಬತ್ತಮೂರರ ಮಳೆಗಾಲದಲ್ಲಿ ಅದೇ ರತ್ನಾವತಿಗೆ ಲಾಸ್ ಏಂಜಲಿಸ್‌ನಲ್ಲಿ ಹೊಟ್ಟೆಯ ಗಡ್ಡೆಗೆ ಆಪರೇಷನ್ ಆಯಿತು. ಗಂಡ ದಾಮೋದರ ಲಾಂಗ್ ಬೀಚ್ ಬಂದರಿನಲ್ಲಿ ಹಡಗಿನ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ, ಆರ್ಟೀಸಿಯಾದಲ್ಲಿ ಮನೆ, ಕಾಲೇಜಿಗೆ ಹೋಗುವ ಒಬ್ಬಳೇ ಮಗಳು ನಿಶಾ. ಗಡ್ಡೆ ಎಂಥದ್ದೆಂದು ಗೊತ್ತಾಗುವುದಕ್ಕೆ ಮೊದಲೇ, ದಾಮೋದರನ ಫೋನು ಬಂದ ಸಂಜೆಯೇ, ಯೋಗೀಶ ಮಂಗಳಾದೇವಿಯ ನಡೆಯಲ್ಲಿ, ಗರ್ಭಗುಡಿಯ ಎದುರು ನಿಂತು ಐದು ಮನೆಯ ಹರಕೆ ಹೇಳಿಕೊಂಡ. ಆಪರೇಷನ್ ಸುಸೂತ್ರವಾಯಿತು. ಗಡ್ಡೆ ಮಾತ್ರ ಒಳ್ಳೆಯದಾಗಿರಲಿಲ್ಲ. ಎಲ್ಲ ತೆಗೆದಿದ್ದೇವೆ, ಮತ್ತೆ ಬರುತ್ತದೋ ಇಲ್ಲವೋ ನೋಡುತ್ತಿರಬೇಕು ಎಂದರಂತೆ ಡಾಕ್ಟರು. ಅಣ್ಣನನ್ನು ನೋಡಬೇಕು ಎಂದು ಅವಳು ಹಟ ಹಿಡಿದಳು. ದಾಮೋದರ ಟಿಕೆಟ್ ಕಳಿಸಿದ, ವೀಸಾವೂ ಸಿಕ್ಕಿತು. ಹಾಗೆ, ಊರಿನಲ್ಲಿ ವೇಷಗಳು ಹೊರಡುವ ಹೊತ್ತಿಗೆ ಸರಿಯಾಗಿ ಯೋಗೀಶ ವಿಮಾನದಲ್ಲಿ ಕುಳಿತಿದ್ದ.

ಆರ್ಟೀಸಿಯಾದಲ್ಲಿ ಅವನಿಗೆ ಕಷ್ಟವೇನೂ ಇರಲಿಲ್ಲ. ಪಯೋನಿಯರ್ ಬುಲವಾರ್ಡಿನ ಅಂಗಡಿಗಳಲ್ಲಿ ಕೊತ್ತಂಬರಿಯಿಂದ ಜಿಲೇಬಿಯವರೆಗೆ ಎಲ್ಲವೂ ಇತ್ತು. ತಂಗಿಯೂ ಕಣ್ಣೆದುರಿಗೆ ಇದ್ದಳು, ತೆಳ್ಳಗಾಗಿ, ಗೋಡೆ ಹಿಡಿದುಕೊಂಡು ನಡೆಯುತ್ತ. ಕಾಲಿನಲ್ಲಿ ಏನೂ ತೊಂದರೆಯಿಲ್ಲ, ಹೆದರಿಕೆಯಷ್ಟೇ ಎಂದಿದ್ದರು ಡಾಕ್ಟರು. ಆದರೂ ಮಂಚದಿಂದ ಅಡುಗೆಮನೆಗೆ ಹೋಗಬೇಕಾದರೆ ಅವಳಿಗೆ ಒಂದು ಕೈ ಬೇಕು. ನವರಾತ್ರಿಯ ಒಂದೊಂದು ದಿನವೂ ಕೈಜಾರಿ ಹೋಗುತ್ತಿದ್ದಂತೆ ಯೋಗೀಶನಿಗೆ ಅನ್ನ ಸೇರದಾಯಿತು. ನವೆಂಬರಿನ ಮೊದಲ ವಾರ ಅವಳ ಮೊದಲ ತಪಾಸಣೆ ಇತ್ತು. ತೀರಿಸದ ಹರಕೆ ಇಟ್ಟುಕೊಂಡು ಆ ತಪಾಸಣೆಗೆ ಹೇಗೆ ಹೋಗುವುದು? ತಂಗಿಗೆ ಹೇಳೋಣವೆಂದರೆ ಅದೂ ಆಗದು. ಎಲ್ಲ ಗುಣವಾಯಿತೆಂದು ಮನೆಯವರೆಲ್ಲ ಸೇರಿ ಅವಳನ್ನು ನಂಬಿಸಿದ್ದರು. ಸಾರು ಕೇಳದ ಅಣ್ಣ ಬೇಡಲು ಹೊರಟಿದ್ದಾನೆ ಎಂದು ಗೊತ್ತಾದರೆ ಕಾಯಿಲೆ ಎಷ್ಟು ದೊಡ್ಡದೆಂದು ಅವಳಿಗೆ ಆ ಕ್ಷಣವೇ ತಿಳಿದುಬಿಡುತ್ತಿತ್ತು.

ಹೀಗಿರುವಾಗ ವಿಜಯದಶಮಿ ಕಳೆದ ಮರುದಿನ ನಿಶಾ ಒಂದು ದೊಡ್ಡ ಕುಂಬಳಕಾಯಿ ತಂದು ಅದಕ್ಕೆ ಕಣ್ಣುಮೂಗು ಕೊರೆಯತೊಡಗಿದಳು.

"ಇದೆಂತ ಮಗಾ, ದೃಷ್ಟಿ ತೆಗೀಲಿಕ್ಕಾ?" ಎಂದ ಯೋಗೀಶ.

ನಿಶಾ ಅರ್ಧ ಇಂಗ್ಲಿಷು, ಕಾಲು ಕನ್ನಡ, ಉಳಿದದ್ದು ಕೈಸನ್ನೆಯಲ್ಲಿ ವಿವರಿಸಿದಳು. ಹ್ಯಾಲೋವೀನ್ ಅಂತ ಒಂದು ಹಬ್ಬ. ಎಲ್ಲರೂ ವೇಷ ಹಾಕುತ್ತಾರೆ. ಮನೆ ಮನೆಗೆ ಹೋಗಿ ಬಾಗಿಲು ತಟ್ಟಿ ಕೇಳುತ್ತಾರೆ. ಮನೆಯವರು ಇಲ್ಲವೆನ್ನದೆ ಕೊಡುತ್ತಾರೆ.

ಯೋಗೀಶ ಅವಳ ಎದುರಿಗೆ ಬಂದು ಕುಳಿತ. "ಯಾರಿಗೋಸ್ಕರ ಬೇಡುವುದು?"

"ಫಾರ್ ಫನ್, ಮಾಮ."

ಅದನ್ನು ಅವನು ನಂಬಲಿಲ್ಲ. ತಮಾಷೆಗೆ ಕುಣಿಯುವವರು ಇರಬಹುದು, ತಮಾಷೆಗೆ ಬೇಡುವವರು ಎಲ್ಲಾದರೂ ಉಂಟೇ? ಇಲ್ಲಿ ಹುಟ್ಟಿದ ಹುಡುಗಿ, ಹಿಂದಿನ ಅರ್ಥ ಇವಳಿಗೆ ಯಾರು ಹೇಳಿಕೊಟ್ಟಾರು ಎಂದುಕೊಂಡ. ಈ ದೇಶದವರಿಗೂ ಕಾಯಿಲೆ ಕಸಾಲೆ ಇಲ್ಲವೇ, ಹರಕೆ ಹೊರುವ ದೇವರಿಲ್ಲವೇ? ಮಂಗಳೂರಿನಲ್ಲಿ ತಪ್ಪಿಸಿಕೊಂಡ ಬಸ್ಸನ್ನು ದೇವಿ ಇಲ್ಲಿಗೇ ಕಳಿಸಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು. ಎಷ್ಟೋ ದಿನಗಳ ಮೇಲೆ ಅಂದು ಹೊಟ್ಟೆ ತುಂಬ ಉಂಡ.

ತನಗೂ ಒಂದು ಕರಡಿ ವೇಷ ಬೇಕೆಂದಾಗ ದಾಮೋದರ ಬೆಚ್ಚಿದ. "ಅದು ಮಕ್ಕಳಿಗೆ ಭಾವ. ಐವತ್ತು ದಾಟಿದವರು ಕರಡಿಯಾಗಿ ಬಾಗಿಲು ತಟ್ಟಿದ್ರೆ ಇಲ್ಲಿ ಪೊಲೀಸರಿಗೆ ಫೋನ್ ಮಾಡ್ತಾರೆ." ಯೋಗೀಶನ ಮುಖ ಸಣ್ಣದಾದದ್ದನ್ನು ಕಂಡು ಅವನಿಗೇ ಪಾಪ ಅನ್ನಿಸಿತು. "ವೇಷ ಹಾಕ್ಲೇಬೇಕಾದ್ರೆ ಶನಿವಾರ ನಮ್ಮ ಬಾಸ್ ಮನೆಗೆ ಹೋಗ್ಲಿಕ್ಕುಂಟು, ಸ್ಯಾನ್ ಡಿಯಾಗೋಗೆ. ವರ್ಷ ವರ್ಷ ದೊಡ್ಡ ಪಾರ್ಟಿ. ಇನ್ನೂರು ಜನ ಬರ್ತಾರೆ, ಎಲ್ಲ ದೊಡ್ಡವರೇ, ಎಲ್ಲರೂ ವೇಷದಲ್ಲೇ. ಅಲ್ಲಿ ಯಾರೂ ಎಂತ ಹೇಳುದಿಲ್ಲ."

ಇನ್ನೂರು ಜನ ಎಂದರೆ ಎಷ್ಟು ಮನೆಯವರಾದರು ಎಂದು ಯೋಗೀಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಐದು ಮನೆಯ ಯಜಮಾನರು ಒಂದೇ ಚಾವಡಿಯಲ್ಲಿ ಸಿಕ್ಕರೆ ಐದು ಬಾಗಿಲು ತಟ್ಟಿದ ಹಾಗೆಯೇ ಅಲ್ಲವೇ? ದೇವಿ ಅಷ್ಟಕ್ಕೆಲ್ಲ ತಕರಾರು ಮಾಡಲಿಕ್ಕಿಲ್ಲ.

ಕರಡಿಯನ್ನು ಹೊಲಿದವಳು ರತ್ನಾವತಿ. ಪಯೋನಿಯರ್‌ನ ಸೀರೆ ಅಂಗಡಿಗೆ ರವಕೆ ಹೊಲಿದುಕೊಡುತ್ತಿದ್ದ ಮಿಷನ್ನು ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದದ್ದು ಈಗ ತೆರೆಯಿತು. ಕಪ್ಪು ಕೂದಲಿನ ಬಟ್ಟೆ ತಂದರು. ಹಳೆಯ ಪೇಪರನ್ನು ಮೈದಾ ಅಂಟಿನಲ್ಲಿ ನೆನೆಸಿ ನಿಶಾ ತಲೆ ಮಾಡಿಕೊಟ್ಟಳು. ಎದೆಗೆ ಬಿಳಿ ಪಟ್ಟಿ ಹಚ್ಚುವಾಗ ಅಮೆರಿಕದ ಕರಡಿಗೆ ಅದಿಲ್ಲ ಎಂದು ನಿಶಾ ತಗಾದೆ ತೆಗೆದಳು.

"ಇದು ನಮ್ಮೂರಿನ ಕರಡಿ," ಎಂದು ರತ್ನಾವತಿ ದಾರ ಕಚ್ಚಿ ತುಂಡರಿಸಿದಳು. ಆಮೇಲೆ ಅಣ್ಣನ ಮುಖ ನೋಡಿದಳು. "ಹರಕೆಯಾ ಅಣ್ಣ?"

"ಹರಕೆ ಎಂತದ್ದು ಮಾರಾಯ್ತಿ. ಸುಮ್ಮನೆ, ಒಂದು ಗಮ್ಮತ್ತಿಗೆ."

ಶನಿವಾರ ನಾಲ್ವರೂ ಹೊರಟರು. ಆ ವಾರ ಬೆಟ್ಟಗಳಿಗೆ ಬೆಂಕಿ ಬಿದ್ದಿತ್ತು. ಫ್ರೀವೇ ಉದ್ದಕ್ಕೂ ಸುಟ್ಟ ಹುಲ್ಲಿನ ವಾಸನೆ, ಬಲಗಡೆಗೆ ಸಮುದ್ರ. ದಾಮೋದರ ಒಂದು ಕೌಬಾಯ್ ಟೊಪ್ಪಿ ಇಟ್ಟುಕೊಂಡು ತನ್ನ ವೇಷ ಮುಗಿಯಿತು ಎಂದಿದ್ದ. ನಿಶಾ ಬೆಕ್ಕಾಗಿದ್ದಳು. ರತ್ನಾವತಿ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಅಲ್ಲಿಯವರ ಕಣ್ಣಿಗೆ ಅದೇ ವೇಷವಾದೀತು. ದಾರಿಯಲ್ಲಿ ದಾಮೋದರ ಎರಡೆರಡು ಸಲ ಹೇಳಿದ, ಆಫೀಸಿನಲ್ಲಿ ಯಾರಿಗೂ ರತ್ನನ ಆಪರೇಷನ್ ವಿಷಯ ಗೊತ್ತಿಲ್ಲ, ಆ ಮಾತು ಅಲ್ಲಿ ಬೇಡ. ಕನಿಕರದ ಮುಖಗಳನ್ನು ನೋಡಲು ತನ್ನಿಂದಾಗದು ಎಂದ.

ಆ ಮನೆಯನ್ನು ಮನೆಯೆನ್ನಲು ಯೋಗೀಶನಿಗೆ ಬಾಯಿ ಬರಲಿಲ್ಲ. ಗುಡ್ಡದ ನೆತ್ತಿಯ ಮೇಲೆ ಸಮುದ್ರಕ್ಕೆ ಮುಖ ಮಾಡಿ ಕುಳಿತಿತ್ತು. ಅಂಗಳದಲ್ಲಿ ಒಂದು ಹಡಗನ್ನೇ ಕಟ್ಟಿ ನಿಲ್ಲಿಸಿದ್ದರು, ಅದರ ಹಾಯಿಗೆ ದೀಪ, ಕೆಳಗೆ ಪೆಟ್ಟಿಗೆ ತುಂಬ ಚಿನ್ನದ ಕಾಗದ ಸುತ್ತಿದ ಚಾಕಲೇಟ್ ನಾಣ್ಯ. ಮಂಜುಗಡ್ಡೆಯಲ್ಲಿ ಕೊರೆದ ಆಳೆತ್ತರದ ಗೂಬೆ. ಒಳಗೆ ಕನ್ನಡಿಯಂಥ ನೆಲದ ಹಜಾರ, ಬ್ಯಾಂಡು, ಕುಣಿತ. ರಾಜರು, ರಾಣಿಯರು, ಅಸ್ಥಿಪಂಜರಗಳು, ಕಡಲ್ಗಳ್ಳರು, ಸನ್ಯಾಸಿನಿಯರು. ರತ್ನಾವತಿಯನ್ನು ಗೋಡೆ ಬದಿಯ ಕುರ್ಚಿಯಲ್ಲಿ ಕೂರಿಸಿ, ಯೋಗೀಶ ಕರಡಿಯ ತಲೆಯನ್ನು ಹಾಕಿಕೊಂಡ. ಇನ್ನು ಮಾತಿಲ್ಲ. ಕರಡಿಯ ಬಾಯೊಳಗಿಂದ ಕಾಣುವಷ್ಟೇ ಲೋಕ. 'ಅಮ್ಮಾ, ಮಾನ ಬಿಟ್ಟೆ' ಎಂದು ಮನಸ್ಸಿನಲ್ಲಿ ಅಂದುಕೊಂಡು, ಎದುರಿಗೆ ಸಿಕ್ಕ ಕಡಲ್ಗಳ್ಳನ ಮುಂದೆ ತಲೆ ತಗ್ಗಿಸಿ ಅಂಗೈ ಚಾಚಿದ.

ಕಡಲ್ಗಳ್ಳ ಆ ಕೈಯನ್ನು ಹಿಡಿದು ಬಲವಾಗಿ ಕುಲುಕಿದ.

ಏನೋ ತಪ್ಪಿತು ಎಂದುಕೊಂಡು ಕರಡಿ ಬಾಗಿ ಮುಂದೆ ಹೋಯಿತು. ಒಬ್ಬ ರಾಣಿ ಕುಲುಕಿದಳು. ಒಬ್ಬ ಪಾದ್ರಿ ಎರಡೂ ಕೈಯಲ್ಲಿ ಕುಲುಕಿದ. ಬಿಳಿ ಕೂದಲಿನ ಅಜ್ಜಿಯೊಬ್ಬಳು, ದೇವಕನ್ನೆಯ ರೆಕ್ಕೆ ಕಟ್ಟಿಕೊಂಡವಳು, ಕುಲುಕಿದ್ದಲ್ಲದೆ ಆ ಕೈಯನ್ನು ಬಿಡದೆ ಒಂದು ಸುತ್ತು ಕುಣಿಸಿದಳು. ಅಂಗೈಯನ್ನು ಇನ್ನಷ್ಟು ಮೇಲಕ್ಕೆ ತಿರುಗಿಸಿದರೆ ಒಬ್ಬ ಪಟ್ಟೆಂದು ತನ್ನ ಅಂಗೈ ಬಡಿದು ನಕ್ಕ. ಮತ್ತೊಬ್ಬ ಖಾಲಿ ಗ್ಲಾಸು ಇಟ್ಟು ಹೋದ. ಬಸ್ಸಿನಲ್ಲಿ ಇಷ್ಟು ವರ್ಷ ಸಾವಿರ ನಮೂನೆಯ ಜನರನ್ನು ಕಂಡವನು ಅವನು, ಬೈಯುವವರನ್ನು, ನಿದ್ದೆಯ ನಟನೆ ಮಾಡುವವರನ್ನು, ಮುಂದಿನ ಸ್ಟಾಪಿನಲ್ಲಿ ಕೊಡುತ್ತೇನೆ ಎನ್ನುವವರನ್ನು. ಕೊಡಬೇಕಾದ ಕೈಗೆ ಪ್ರೀತಿಯಿಂದ ಕೈ ಕೊಟ್ಟು ಕಳಿಸುವವರನ್ನು ಮಾತ್ರ ಕಂಡಿರಲಿಲ್ಲ. ಬೈದಿದ್ದರೂ ಹರಕೆಗೆ ಸಲ್ಲುತ್ತಿತ್ತು. ಇಲ್ಲಿ ಎಲ್ಲರೂ ಒಳ್ಳೆಯವರೇ, ಒಬ್ಬರಿಗೂ ಅವನು ಬೇಡುತ್ತಿದ್ದಾನೆ ಎಂಬುದೇ ಕಾಣುತ್ತಿಲ್ಲ. ನಿಶಾ ಹೇಳಿದ್ದು ನಿಜ, ಇವರದು ಗಮ್ಮತ್ತೇ ಎಂದು ಅವನಿಗೆ ಆಗ ಅರ್ಥವಾಯಿತು. ಕರಡಿಯ ತಲೆಯೊಳಗೆ ಬೆವರಿನ ಜೊತೆಗೆ ಕಣ್ಣೀರೂ ಇಳಿಯಿತು. ಅಲ್ಲಿ ಅದನ್ನು ಒರೆಸಿಕೊಳ್ಳುವಂತೆಯೂ ಇರಲಿಲ್ಲ.

ಅಷ್ಟರಲ್ಲಿ ಬ್ಯಾಂಡು ನಿಂತಿತು. ದಾಮೋದರನ ಬಾಸು, ರೋಮಿನ ಚಕ್ರವರ್ತಿಯ ವೇಷದಲ್ಲಿದ್ದ ದೊಡ್ಡ ಆಳು, ಹಜಾರದ ನಡುವೆ ಬಂದು ಏನೋ ಸಾರಿದ. ಜನ ಚಪ್ಪಾಳೆ ತಟ್ಟಿ ಕರಡಿಯನ್ನು ಮುಂದಕ್ಕೆ ತಳ್ಳಿದರು. ಇಷ್ಟು ದುಃಖದ ಕರಡಿಯನ್ನು ತಾನು ಕಂಡದ್ದೇ ಇಲ್ಲ, ಈ ವರ್ಷದ ಬಹುಮಾನ ಇದಕ್ಕೇ ಎಂದು ಚಕ್ರವರ್ತಿ ಹೊಳೆಯುವ ಒಂದು ಕಪ್ಪನ್ನು ಎತ್ತಿ ಹಿಡಿದ. ದೂರದಲ್ಲಿ ದಾಮೋದರನ ಮುಖ ಊರಗಲ ಅರಳಿತು.

ಯೋಗೀಶನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹರಕೆಯ ವೇಷಕ್ಕೆ ಬಹುಮಾನವೇ? ಗೆದ್ದದ್ದು ಬೇರೆ, ಬೇಡಿದ್ದು ಬೇರೆ. ಗೆದ್ದದ್ದನ್ನು ದೇವಿಯ ಮುಂದೆ ಯಾವ ಮುಖದಿಂದ ಇಡುವುದು? ಅವನು ಕಪ್ಪನ್ನು ಮುಟ್ಟಲಿಲ್ಲ. ಮೊಣಕಾಲೂರಿ, ತಲೆ ಬಾಗಿಸಿ, ಅಂಗೈ ಚಾಚಿದ. ಚಕ್ರವರ್ತಿ ಕಪ್ಪನ್ನು ಆ ಕೈಯ ಹತ್ತಿರ ತಂದ. ಕೈ ಪಕ್ಕಕ್ಕೆ ಸರಿದು ಮತ್ತೆ ಬರಿದಾಗಿ ನಿಂತಿತು. ಜನ ನಕ್ಕರು. ನಗು ನಿಂತ ಮೇಲೂ ಕೈ ಹಾಗೆಯೇ ಇತ್ತು. ಚಕ್ರವರ್ತಿ ಪೆಚ್ಚಾಗಿ ಸೊಂಟದ ಎರಡೂ ಕಡೆ ತಡಕಿದ. ಚಕ್ರವರ್ತಿಯ ಅಂಗಿಗೆ ಜೇಬಿರಲಿಲ್ಲ. ದಾಮೋದರ ಟೊಪ್ಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ.

ಕರಡಿಯ ಬಾಯೊಳಗಿಂದ ಯೋಗೀಶನಿಗೆ ಕಂಡದ್ದು ಹೊಳೆಯುವ ನೆಲ, ಅದರ ಮೇಲೆ ಹಸಿರು ಸೀರೆಯ ಅಂಚು. ತಲೆ ಎತ್ತಿದ. ರತ್ನಾವತಿ ಬರುತ್ತಿದ್ದಳು. ಹಜಾರದ ಆ ಗೋಡೆಯಿಂದ, ಹಿಡಿಯಲು ಏನೂ ಇಲ್ಲದ ಆ ನುಣುಪು ನೆಲದ ಮೇಲೆ, ಯಾರ ಕೈಯನ್ನೂ ಹಿಡಿಯದೆ. ನಿಶಾ ಹಿಂದಿನಿಂದ ಓಡಿಬಂದು ತೋಳು ಹಿಡಿಯಹೋದರೆ ಅವಳು ಕೊಡವಿದಳು. ಬಂದು ಅಣ್ಣನ ಪಕ್ಕದಲ್ಲಿ ನಿಂತಳು.

"ಗಮ್ಮತ್ತಿಗೆ ಅಂತ ಹೇಳಿದ್ದಲ್ವಾ?" ಎಂದಳು ಮೆಲ್ಲಗೆ. "ಅಪ್ಪನ ಕೈ ನಂಗೆ ಗೊತ್ತಾಗುದಿಲ್ವಾ?"

ಆಮೇಲೆ ಆ ಇನ್ನೂರು ಜನರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ನನ್ನ ಅಣ್ಣ ನಾಟಕ ಮಾಡುತ್ತಿಲ್ಲ. ನನಗೆ ಕ್ಯಾನ್ಸರ್ ಆಗಿತ್ತು. ನಾನು ಬದುಕಿದರೆ ವೇಷ ಹಾಕಿ ಬೇಡುತ್ತೇನೆ ಎಂದು ದೇವರಿಗೆ ಮಾತು ಕೊಟ್ಟಿದ್ದಾನೆ. ದಯವಿಟ್ಟು ಏನಾದರೂ ಕೊಡಿ, ಸಣ್ಣದಾದರೂ ಸಾಕು. ಹೇಳಿ ಮುಗಿಸಿ, ರೇಷ್ಮೆ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು.

ಆ ಶಬ್ದವನ್ನು ಮನೆಯಲ್ಲಿ ಯಾರೂ ಅವಳೆದುರು ಆಡಿರಲಿಲ್ಲ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದು ಯೋಗೀಶನಿಗೆ ತಿಳಿದದ್ದು ಹೀಗೆ, ಕರಡಿಯ ತಲೆಯೊಳಗೆ ಕುಳಿತು.

ಮೊದಲು ಚಕ್ರವರ್ತಿಯೇ ತಲೆಗೆ ಕೈ ಹಾಕಿ, ಕಿರೀಟದಿಂದ ಚಿನ್ನದ ಬಣ್ಣದ ಒಂದು ಎಲೆಯನ್ನು ಕಿತ್ತು ಸೆರಗಿಗೆ ಹಾಕಿದ. ಬ್ಯಾಂಡಿನವನೊಬ್ಬ ಪ್ಯಾಂಟಿನ ಜೇಬಿನಿಂದ ನಾಣ್ಯ ತಂದ. ಕಡಲ್ಗಳ್ಳ ಅಂಗಿಯ ಗುಂಡಿಯನ್ನೇ ಕಿತ್ತುಕೊಟ್ಟ. ಕುಣಿಸಿದ್ದ ಅಜ್ಜಿ ಅಂಗಳಕ್ಕೆ ಹೋಗಿ ಹಡಗಿನ ಪೆಟ್ಟಿಗೆಯಿಂದ ಚಾಕಲೇಟಿನ ನಾಣ್ಯವೊಂದನ್ನು ತಂದು, ರತ್ನಾವತಿಯ ಕೆನ್ನೆ ಸವರಿ, ಅದನ್ನು ಇಟ್ಟಳು. ಕೊಟ್ಟ ಒಬ್ಬೊಬ್ಬರಿಗೂ ಕರಡಿ ಬಾಗಿತು. ಕೊನೆಗೆ ಬಂದವನು ದಾಮೋದರ. ತನ್ನ ಮನೆಯವರು ಕೊಟ್ಟದ್ದು ಹರಕೆಯ ಲೆಕ್ಕಕ್ಕಿಲ್ಲವೆಂದು ಅವನಿಗೂ ಗೊತ್ತು. ಅವನು ಏನೂ ಹಾಕಲಿಲ್ಲ. ಟೊಪ್ಪಿ ತೆಗೆದು ಹೆಂಡತಿಯ ಪಕ್ಕದಲ್ಲಿ ನಿಂತ.

ಮರಳಿ ಬರುವಾಗ ಕಾರಿನಲ್ಲಿ ಕರಡಿಯ ತಲೆ ನಿಶಾಳ ತೊಡೆಯ ಮೇಲಿತ್ತು. ಸೆರಗಿನ ಗಂಟನ್ನು ರತ್ನಾವತಿ ಮುಷ್ಟಿಯಲ್ಲಿ ಹಿಡಿದಿದ್ದಳು. "ಇಷ್ಟು ದಿನ ಯಾರಿಗೂ ಹೇಳ್ಲಿಕ್ಕಾಗದೆ ಸತ್ತೇಹೋಗಿದ್ದೆ ನಾನು," ಎಂದ ದಾಮೋದರ, ರಸ್ತೆಯಿಂದ ಕಣ್ಣು ತೆಗೆಯದೆ. ಅಷ್ಟನ್ನೇ ಹೇಳಿ ಅವನು ಅತ್ತ.

"ಎಷ್ಟು ಮನೆ ಹೇಳಿದ್ದು ಅಣ್ಣ?" ರತ್ನಾವತಿ ಕೇಳಿದಳು.

"ಐದು. ಆಯ್ತಲ್ಲ, ಐದಕ್ಕಿಂತ ಜಾಸ್ತಿಯೇ ಜನ ಕೊಟ್ರು."

"ಜನ ಲೆಕ್ಕ ಇಲ್ಲ, ಮನೆ ಲೆಕ್ಕ. ಹೊಸ್ತಿಲು ದಾಟಿದ್ದು ಒಂದೇ ಮನೆಯದ್ದು. ನಾಲ್ಕು ಬಾಕಿ."

ಯೋಗೀಶ ಸೀಟಿನ ಅಂಚಿಗೆ ಸರಿದ. "ಬಾಕಿ ಇಡಬಾರದು ರತ್ನ. ಬರುವ ವಾರ ನಿನಗೆ ತಪಾಸಣೆ ಉಂಟು."

"ಟಿಕೆಟಿನ ದುಡ್ಡು ಕೊಡದವರನ್ನು ನೀನು ಬಸ್ಸಿನಿಂದ ಇಳೀಲಿಕ್ಕೆ ಬಿಡ್ತೀಯಾ?"

"ಬಿಡುದಿಲ್ಲ."

"ಮತ್ತೆ ದೇವಿ ನನ್ನನ್ನು ಇಳೀಲಿಕ್ಕೆ ಬಿಡ್ತಾಳಾ? ವರ್ಷಕ್ಕೆ ಒಂದೇ ಮನೆ ಬೇಡು. ಒಟ್ಟಿಗೆ ತೀರಿಸಬೇಡ."

ತಪಾಸಣೆಯಲ್ಲಿ ಏನೂ ಕಾಣಲಿಲ್ಲ. ಯೋಗೀಶ ಊರಿಗೆ ಬಂದು ಎಲೆ, ಗುಂಡಿ, ನಾಣ್ಯ, ಕರಗಿ ಮುದ್ದೆಯಾಗಿದ್ದ ಚಾಕಲೇಟು ಎಲ್ಲವನ್ನೂ ಬಾಳೆಲೆಯಲ್ಲಿಟ್ಟು ದೇವಿಯ ನಡೆಯಲ್ಲಿ ಒಪ್ಪಿಸಿದ. ಅರ್ಚಕರು ಹುಬ್ಬೇರಿಸಿದರು, ಕೇಳಲಿಲ್ಲ. ಮರುವರ್ಷದ ನವರಾತ್ರಿಗೆ ಬೋಳಾರದ ಓಣಿಯಲ್ಲಿ ಕರಡಿಯೊಂದು ಹೊರಟು, ಒಂದೇ ಮನೆಯ ಮುಂದೆ ಕೈ ಚಾಚಿ, ನೆಟ್ಟಗೆ ತಿರುಗಿ ಬಂತು. ಇಂಥ ಸೋಮಾರಿ ಕರಡಿಯನ್ನು ಕಂಡಿಲ್ಲವೆಂದು ಓಣಿಯ ಜನ ಆಡಿಕೊಂಡರು. ಅದರ ಮರುವರ್ಷ ಇನ್ನೊಂದು ಮನೆ. ಅದರಾಚೆಯ ವರ್ಷ ರತ್ನಾವತಿಯೇ ಬಂದಿದ್ದಳು. ಮೈ ತುಂಬಿಕೊಂಡು, ಕರಡಿಯ ಹಿಂದೆ ಹಿಂದೆ ನಡೆದು ನಾಲ್ಕನೆಯ ಮನೆಯ ಜಗುಲಿಯಲ್ಲಿ ಕುಳಿತು ಕಾಫಿ ಕುಡಿದು ಹೋದಳು.

ಐದನೆಯದು ಎದುರು ಮನೆಯ ಕಲ್ಯಾಣಿಯಕ್ಕನದು. ಓಣಿ ದಾಟಿದರೆ ಸಿಗುವ ಹೊಸ್ತಿಲು. ನಾಲ್ಕು ಮನೆ ತೀರಿದ ಮೇಲೆ ಇದು ಮೂರನೆಯ ನವರಾತ್ರಿ, ಕಲ್ಯಾಣಿಯಕ್ಕ ಕಿಟಕಿಯ ದಂಡೆಯ ಮೇಲೆ ನಾಣ್ಯ ತೆಗೆದಿಟ್ಟು ಕಾಯುತ್ತಾಳೆ. ಯೋಗೀಶ ಕರಡಿಯನ್ನು ಪೆಟ್ಟಿಗೆಯಿಂದ ತೆಗೆದು, ಬಿಸಿಲಿಗೆ ಹಾಕಿ, ಕೊಡವಿ, ಮತ್ತೆ ಮಡಚಿ ಇಡುತ್ತಾನೆ.

"ಈ ವರ್ಷವೂ ಬರುದಿಲ್ವಾ ಯೋಗೀಶ?" ಎಂದು ಕಲ್ಯಾಣಿಯಕ್ಕ ಕೂಗುತ್ತಾಳೆ.

"ಬರುವ ವರ್ಷ ನೋಡುವ ಅಕ್ಕ," ಎನ್ನುತ್ತಾನೆ ಅವನು.